ಸುಮ್ಮನೆ ನಿಂತ ಮಕ್ಕಳು

ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾಯಿತು. ಇಲ್ಲಿ ಸಿನೆಮಾ ನೋಡುವುದೆಂದರೆ ಮೊದಲು ಎದ್ದು ನಿಲ್ಲುವುದು. ಮಹಾರಾಷ್ಟ್ರದ ಥಿಯೇಟರುಗಳಲ್ಲಿ 2003ರಿಂದಲೇ ಪರದೆಯ ಮೇಲೆ ಧ್ವಜ, ಹಿಂದೆ ಜನಗಣಮನ. ಕೆಲವು ವರ್ಷಗಳ ಹಿಂದೆ ನಮ್ಮ ಬಿಲ್ಡಿಂಗಿನ ಮಲಯಾಳಿ ಸಂಸಾರವೊಂದರ ಜತೆ ಸಿನೆಮಾಕ್ಕೆ ಹೋಗಿದ್ದೆವು. ಎಲ್ಲರೂ ಎದ್ದರು, ಅವರೂ ಎದ್ದರು. ನಾವೆಲ್ಲ ಹಾಡಿದೆವು, ಅವರ ಬಾಯಿ ಮಾತ್ರ ಮುಚ್ಚಿತ್ತು. ಇಂಟರ್ವಲ್ಲಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. "ನಾವು ಯೆಹೋವನ ಸಾಕ್ಷಿಗಳು. ಗೌರವಕ್ಕೆ ನಿಲ್ಲುತ್ತೇವೆ. ಹಾಡುವುದು ನಮ್ಮ ಪಾಲಿಗೆ ಪ್ರಾರ್ಥನೆಯ ಹಾಗೆ, ಅದು ದೇವರಿಗೆ ಮಾತ್ರ" ಅಂದರು ಮೆಲ್ಲಗೆ. ಸುಳ್ಳೇಕೆ ಹೇಳಲಿ, ನನಗೆ ಸಿಟ್ಟು ಬಂತು. ದೇಶದ ಅನ್ನ ತಿಂದು ಒಂದು ಹಾಡು ಹಾಡಲಿಕ್ಕೆ ಏನು ಕಷ್ಟ?

ಆ ಸಿಟ್ಟೇ ನನ್ನನ್ನು ಓದಲು ಹಚ್ಚಿತು. ಓದುತ್ತಾ ಹೋದಂತೆ ಇನ್ನೊಂದು ಪ್ರಶ್ನೆಯೂ ಎದುರಾಯಿತು. ಆಧುನಿಕ, ಜಾತ್ಯತೀತ ಅಂತ ಕರೆದುಕೊಳ್ಳುವ ಸಮಾಜದಲ್ಲಿ ಕ್ರೈಸ್ತರಿಗೆ ನಿಜವಾಗಿ ಹಿಂಸೆ-ಕಿರುಕುಳ ಇದೆಯೇ? ನಮ್ಮವರಿಗೆ ತಕ್ಷಣ ನೆನಪಾಗುವುದು 2008ರ ಕಂಧಮಾಲ್, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲಿನ ದಾಳಿ. ಆದರೆ ಅಲ್ಲಿ ಮತಾಂತರದ ವಿವಾದ, ರಾಜಕೀಯ ಎಲ್ಲ ಕಲಸಿಹೋಗಿ, ಚರ್ಚೆ ಶುರುವಾದರೆ ಮುಗಿಯುವುದೇ ಇಲ್ಲ. ಅದಕ್ಕೇ ಬರೀ ಮುಚ್ಚಿದ ಬಾಯಿಯೊಂದೇ ಅಪರಾಧವಾದ ಕಥೆಯನ್ನು ಆರಿಸಿಕೊಂಡಿದ್ದೇನೆ.

ಮೊದಲು ಈ ಜನ ಯಾರು ಅಂತ ನೋಡೋಣ. 19ನೇ ಶತಮಾನದ ಕೊನೆಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಚಾರ್ಲ್ಸ್ ರಸೆಲ್ ಎಂಬಾತನ ಬೈಬಲ್ ಓದಿನ ಗುಂಪಿನಿಂದ ಹುಟ್ಟಿದ ಪಂಥ. ಈಗಿನ ಹೆಸರು ಬಂದದ್ದು 1931ರಲ್ಲಿ. ಕ್ರಿಸ್‌ಮಸ್ ಆಚರಿಸುವುದಿಲ್ಲ, ಸೈನ್ಯ ಸೇರುವುದಿಲ್ಲ, ತ್ರಿತ್ವವನ್ನು ಒಪ್ಪುವುದಿಲ್ಲ. ಹಾಗಾಗಿ ಇವರು ಕ್ರೈಸ್ತರೇ ಅಲ್ಲ ಎನ್ನುವ ಕ್ರೈಸ್ತರೂ ಬೇಕಾದಷ್ಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1935ರಲ್ಲಿ ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಗಣಿ ಊರಿನಲ್ಲಿ ಲಿಲಿಯನ್ ಮತ್ತು ವಿಲಿಯಂ ಗೋಬಿಟಸ್ ಎಂಬ ಅಕ್ಕ-ತಮ್ಮ ಶಾಲೆಯಲ್ಲಿ ಧ್ವಜವಂದನೆ ಮಾಡಲಿಲ್ಲ. ಅಕ್ಕನಿಗೆ 12, ತಮ್ಮನಿಗೆ 10. ಆ ಕಾಲದ ಅಮೆರಿಕದ ಧ್ವಜವಂದನೆ ಹೇಗಿತ್ತು ಗೊತ್ತೇ? ಬಲಗೈಯನ್ನು ನೇರ ಮುಂದಕ್ಕೆ ಚಾಚುವುದು, ಥೇಟ್ ಹಿಟ್ಲರನ ಸಲಾಮಿನ ಹಾಗೆ! ಅತ್ತ ಜರ್ಮನಿಯಲ್ಲಿ ಇದೇ ಪಂಥದವರು ಹಿಟ್ಲರನಿಗೆ ಕೈ ಎತ್ತಲು ಒಪ್ಪದೆ ಜೈಲು ಸೇರುತ್ತಿದ್ದರು. ಮುಂದೆ ನಾಜಿ ಶಿಬಿರಗಳಲ್ಲಿ ನೇರಳೆ ತ್ರಿಕೋನದ ಗುರುತು ಹೊತ್ತವರು ಇವರೇ. ಜರ್ಮನಿಯ ಆ ಸುದ್ದಿ ಕೇಳಿಯೇ ಅಮೆರಿಕದ ಈ ಮಕ್ಕಳೂ ಕೈ ಎತ್ತಲಿಲ್ಲ. ಶಾಲೆ ಇಬ್ಬರನ್ನೂ ಹೊರಗೆ ಹಾಕಿತು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1940ರ ಜೂನ್ 3ರಂದು ತೀರ್ಪು ಬಂತು. ಎಂಟು ನ್ಯಾಯಮೂರ್ತಿಗಳು ಶಾಲೆಯ ಪರ, ಮಕ್ಕಳ ಪರ ಒಬ್ಬರೇ, ಹಾರ್ಲನ್ ಸ್ಟೋನ್. ತೀರ್ಪು ಬರೆದವರು ಫೆಲಿಕ್ಸ್ ಫ್ರಾಂಕ್‌ಫರ್ಟರ್, ಸ್ವತಃ ಯಹೂದಿ ವಲಸಿಗ. ರಾಷ್ಟ್ರದ ಏಕತೆಗೆ ಇಂಥ ನಿಯಮ ಬೇಕೋ ಬೇಡವೋ ಎನ್ನುವುದು ಶಾಲಾ ಮಂಡಳಿಗೆ ಬಿಟ್ಟದ್ದು, ಕೋರ್ಟು ತಲೆಹಾಕಬಾರದು ಎನ್ನುವುದು ಅವರ ವಾದ. ಕಾಗದದ ಮೇಲೆ ಬಹಳ ಸಭ್ಯವಾದ ವಾದವೇ.

ಆದರೆ ಬೀದಿಯಲ್ಲಿ ಅದನ್ನು ಜನ ಹೇಗೆ ಓದಿಕೊಂಡರು ನೋಡಿ. ಆರೇ ದಿನಕ್ಕೆ ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಸಭಾಗೃಹಕ್ಕೆ ಬೆಂಕಿ ಬಿತ್ತು. ಇಲಿನಾಯ್‌ನ ಲಿಚ್‌ಫೀಲ್ಡ್‌ನಲ್ಲಿ ಸುಮಾರು 60 ಮಂದಿಯ ಮೇಲೆ ಗುಂಪು ಬಿತ್ತು. ವೆಸ್ಟ್ ವರ್ಜೀನಿಯಾದ ರಿಚ್‌ವುಡ್‌ನಲ್ಲಿ ಡೆಪ್ಯುಟಿ ಶೆರಿಫನೇ ಮುಂದೆ ನಿಂತು, ಇವರಿಗೆ ಹರಳೆಣ್ಣೆ ಕುಡಿಸಿ, ಹಗ್ಗ ಕಟ್ಟಿ ಊರಾಚೆ ನಡೆಸಿದ. (ಅವನಿಗೆ ಮುಂದೆ ಶಿಕ್ಷೆಯಾಯಿತು ಅನ್ನಿ.) ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟದ ಲೆಕ್ಕದಂತೆ ಆ ಒಂದೇ ವರ್ಷದಲ್ಲಿ 335 ಊರುಗಳಲ್ಲಿ ಸುಮಾರು 1,500 ಮಂದಿ ಹಲ್ಲೆಗೆ ಗುರಿಯಾದರು. ಯಾಕೆ ಹೀಗೆ ಅಂತ ಒಬ್ಬ ಪತ್ರಕರ್ತೆ ಕೇಳಿದ್ದಕ್ಕೆ ದಕ್ಷಿಣದ ಶೆರಿಫನೊಬ್ಬ ಕೊಟ್ಟ ಉತ್ತರ ಇಷ್ಟೇ: ಇವರು ದೇಶದ್ರೋಹಿಗಳು, ಸುಪ್ರೀಂ ಕೋರ್ಟೇ ಹೇಳಿದೆಯಲ್ಲ! ಕೋರ್ಟು ಹಾಗೆ ಹೇಳಿರಲೇ ಇಲ್ಲ. ಗುಂಪಿಗೆ ಕೇಳಿಸಿದ್ದು ಮಾತ್ರ ಅದೇ.

ಹೊಡೆದವರು ಯಾರು? ನಾಸ್ತಿಕರಲ್ಲ, ಬೇರೆ ಮತದವರೂ ಅಲ್ಲ. ಹೆಚ್ಚಿನವರು ಭಾನುವಾರ ಚರ್ಚಿಗೆ ಹೋಗುವ ಕ್ರೈಸ್ತರೇ.

ಮೂರು ವರ್ಷದಲ್ಲಿ ಕೋರ್ಟಿಗೇ ನಾಚಿಕೆಯಾಯಿತು ಅಂತ ಕಾಣುತ್ತದೆ. ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಸೋದರಿಯರ ಮೊಕದ್ದಮೆಯಲ್ಲಿ ಹಿಂದಿನ ತೀರ್ಪನ್ನು 6-3ರಿಂದ ರದ್ದು ಮಾಡಿತು. ದಿನಾಂಕ 1943ರ ಜೂನ್ 14, ಅಮೆರಿಕದ ಧ್ವಜ ದಿನ! ಯಾವುದು ಸರಿಯಾದ ದೇಶಭಕ್ತಿ ಎಂದು ಯಾವ ಅಧಿಕಾರಿಯೂ ಗೊತ್ತುಮಾಡಿ, ಅದನ್ನು ಬಾಯಿಂದ ಹೇಳಿಸುವಂತಿಲ್ಲ ಎಂದು ರಾಬರ್ಟ್ ಜಾಕ್ಸನ್ ಬರೆದರು. ಹೊರಗೆ ಮಹಾಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲಿ ಬರೆದದ್ದು ಅನ್ನುವುದು ಮುಖ್ಯ. ಒಂದು ಸಣ್ಣ ತಮಾಷೆ: ಕೋರ್ಟಿನ ಗುಮಾಸ್ತರು ಎರಡೂ ಮನೆತನಗಳ ಹೆಸರನ್ನು ತಪ್ಪು ಬರೆದರು. ಗೋಬಿಟಸ್ ಹೋಗಿ ಗೋಬಿಟಿಸ್ ಆಯಿತು, ಬಾರ್ನೆಟ್‌ಗೆ ಕೊನೆಯಲ್ಲೊಂದು ಅಕ್ಷರ ಹೆಚ್ಚಾಯಿತು. ಕಾನೂನಿನ ಪುಸ್ತಕಗಳಲ್ಲಿ ಇವತ್ತಿಗೂ ಹಾಗೇ ಇದೆ.

ಈಗ ನಮ್ಮ ದೇಶಕ್ಕೆ ಬರೋಣ. ಕೇರಳದ ಕೊಟ್ಟಾಯಂ ಬಳಿಯ ಕಿಡಂಗೂರು, 1985ರ ಜುಲೈ. ಎಮ್ಯಾನುಯಲ್ ಎಂಬವರ ಮೂವರು ಮಕ್ಕಳು 10, 9 ಮತ್ತು 5ನೇ ತರಗತಿಯಲ್ಲಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಜನಗಣಮನ ಶುರುವಾದರೆ ನೆಟ್ಟಗೆ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಇವರ ಅಕ್ಕಂದಿರೂ ಇದೇ ಶಾಲೆಯಲ್ಲಿ ಹೀಗೇ ನಿಂತು ಓದಿ ಹೋಗಿದ್ದರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಶಾಸಕರೊಬ್ಬರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆ ಬಂತು, ವಿಚಾರಣೆ ನಡೆಯಿತು. ಮಕ್ಕಳು ಕಾನೂನಿಗೆ ನಡೆದುಕೊಳ್ಳುವವರು, ಅಗೌರವ ತೋರಿಲ್ಲ ಅಂತಲೇ ವರದಿ ಬಂತು. ಆದರೂ ಜುಲೈ 26ರಂದು ಮೂವರನ್ನೂ ಹೊರಗೆ ಹಾಕಲಾಯಿತು.

ಹೈಕೋರ್ಟು ರಾಷ್ಟ್ರಗೀತೆಯ ಪದ ಪದವನ್ನೂ ನೋಡಿ, ಇದರಲ್ಲಿ ಯಾವ ಮತಕ್ಕೂ ನೋವಾಗುವಂಥದ್ದು ಏನಿದೆ ಎಂದು ಅರ್ಜಿ ತಳ್ಳಿತು. ನಾನೂ ಥಿಯೇಟರಿನಲ್ಲಿ ಇದನ್ನೇ ಯೋಚಿಸಿದ್ದೆ! 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಈ ಗಂಟನ್ನು ಬಿಡಿಸಿದರು. ಹಾಡಿನಲ್ಲಿ ನಮಗೆ ತಪ್ಪು ಕಾಣುತ್ತದೋ ಇಲ್ಲವೋ ಎನ್ನುವುದು ಪ್ರಶ್ನೆಯೇ ಅಲ್ಲ. ಆ ಮಕ್ಕಳ ನಂಬಿಕೆ ಪ್ರಾಮಾಣಿಕವೇ, ಅದರಿಂದ ಯಾರಿಗಾದರೂ ತೊಂದರೆಯಾಯಿತೇ ಎನ್ನುವುದಷ್ಟೇ ಪ್ರಶ್ನೆ. ರಾಷ್ಟ್ರಗೀತೆ ಹಾಡಲೇಬೇಕು ಎನ್ನುವ ಕಾನೂನೇ ಇಲ್ಲ. 1971ರ ಕಾಯಿದೆ ತಡೆಯುವುದು ಹಾಡುವವರಿಗೆ ಅಡ್ಡಿ ಮಾಡುವುದನ್ನು. ಎದ್ದು ನಿಂತದ್ದೇ ಗೌರವ. ಅಮೆರಿಕದ 1943ರ ತೀರ್ಪನ್ನೂ ಅವರು ನೆನೆದರು. ಅಂದಹಾಗೆ, ನಮ್ಮ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಚಿನ್ನಪ್ಪ ರೆಡ್ಡಿಯವರು ಇವರೇ.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರ? ಹಳೆಯ ಸವಲತ್ತು ತಪ್ಪುವುದೆಲ್ಲ ಹಿಂಸೆಯಲ್ಲ. 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಸರಕಾರಿ ಪ್ರಾರ್ಥನೆ ನಿಲ್ಲಿಸಿದಾಗ ಅಲ್ಲಿನ ಬಹುಸಂಖ್ಯಾತ ಕ್ರೈಸ್ತರಲ್ಲಿ ಅನೇಕರು ಬಹಳ ಸಂಕಟಪಟ್ಟರು. ಆದರೆ ಅವರ ಮಕ್ಕಳನ್ನು ಯಾರೂ ಶಾಲೆಯಿಂದ ಅಟ್ಟಲಿಲ್ಲ. ಗೋಬಿಟಸ್ ಮಕ್ಕಳನ್ನು ಅಟ್ಟಿದರು. ಹಿಂಸೆ ಶುರುವಾಗುವುದು ಒಂದು ಸಣ್ಣ ಗುಂಪಿನ ಬಳಿ 'ನಿನ್ನ ನಿಷ್ಠೆಗೆ ರುಜುವಾತು ಕೊಡು' ಅಂತ ಕೇಳಿದಾಗ. ಅದಕ್ಕೆ ಬೇರೆ ಧರ್ಮವೇ ಬೇಕೆಂದಿಲ್ಲ, ಸರ್ವಾಧಿಕಾರಿಯೂ ಬೇಕೆಂದಿಲ್ಲ. ಒಳ್ಳೆಯ ಸಂವಿಧಾನವಿರುವ ದೇಶದಲ್ಲೂ, ಒಳ್ಳೆಯ ನ್ಯಾಯಮೂರ್ತಿಯ ಒಂದು ತೀರ್ಪಿನಿಂದಲೂ ಆಗಬಹುದು.

ಕೋರ್ಟು ತೀರ್ಮಾನಿಸಿದರೆ ಎಲ್ಲ ಮುಗಿಯಿತು ಅಂತಲೂ ಇಲ್ಲ. 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಥಿಯೇಟರುಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿತು, 2018ರ ಜನವರಿಯಲ್ಲಿ ತಾನೇ ಸಡಿಲಿಸಿತು. 2023ರ ಅಕ್ಟೋಬರ್ 29ರಂದು ಕೇರಳದ ಕಳಮಶ್ಶೇರಿಯಲ್ಲಿ ಯೆಹೋವನ ಸಾಕ್ಷಿಗಳ ಪ್ರಾರ್ಥನಾ ಸಮಾವೇಶದಲ್ಲಿ ಬಾಂಬು ಸಿಡಿಯಿತು. ಒಟ್ಟು 8 ಮಂದಿ ಸತ್ತರು. ನಾನೇ ಮಾಡಿದ್ದು ಅಂತ ಪೊಲೀಸರಿಗೆ ಶರಣಾದವನು ಅದೇ ಪಂಥದ ಮಾಜಿ ಸದಸ್ಯ. ಅವನು ಹೇಳಿಕೊಂಡ ಕಾರಣಗಳಲ್ಲೊಂದು, ಇವರು ಮಕ್ಕಳಿಗೆ ರಾಷ್ಟ್ರಗೀತೆ ಹಾಡಬೇಡಿ ಅಂತ ಕಲಿಸುತ್ತಾರೆ ಎನ್ನುವುದು. ಚಿನ್ನಪ್ಪ ರೆಡ್ಡಿಯವರ ತೀರ್ಪಿಗೆ ಆಗ 37 ವರ್ಷ.

ಆ ಸುದ್ದಿ ಟಿವಿಯಲ್ಲಿ ಬಂದ ಸಂಜೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅವರ ನೆಂಟರು ಯಾರೂ ಅಲ್ಲಿರಲಿಲ್ಲವಂತೆ. ಚಹಾ ಕೊಟ್ಟರು. ಥಿಯೇಟರಿನ ಮಾತು ನಾನಾಗಿಯೇ ಎತ್ತಿ, ಅವತ್ತು ನನಗೆ ಸಿಟ್ಟು ಬಂದಿತ್ತು ಅಂದೆ. "ಗೊತ್ತಾಗಿತ್ತು" ಅಂದರು ನಗುತ್ತಾ. ಆಮೇಲೂ ಒಂದೆರಡು ಸಿನೆಮಾಕ್ಕೆ ಒಟ್ಟಿಗೆ ಹೋಗಿದ್ದೇವೆ. ನಾನು ಶ್ರುತಿ ತಪ್ಪಿ ಹಾಡುತ್ತೇನೆ, ಅವರು ಸುಮ್ಮನೆ ನಿಲ್ಲುತ್ತಾರೆ.