ಸುಡೊಕು ಹುಟ್ಟಿ ಬೆಳೆದ ಬಗೆ
ಜಪಾನೀ ಹೆಸರು ಹೊತ್ತಿದ್ದರೂ ಇಂದಿನ ರೂಪದ ಸುಡೊಕು ಹುಟ್ಟಿದ್ದು ಅಮೆರಿಕದಲ್ಲಿ. ಇಂಡಿಯಾನಾದ ನಿವೃತ್ತ ವಾಸ್ತುಶಿಲ್ಪಿ ಹೋವರ್ಡ್ ಗಾರ್ನ್ಸ್ ರಚಿಸಿದರೆನ್ನಲಾದ ಈ ಅಂಕಿಬಂಧ 1979ರಲ್ಲಿ ಡೆಲ್ ಸಂಸ್ಥೆಯ ಒಗಟಿನ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂದು ಅಚ್ಚಾಯಿತು. ಒಗಟಿನ ಜೊತೆಗೆ ರಚನಕಾರನ ಹೆಸರಿರಲಿಲ್ಲ. 1989ರಲ್ಲಿ ತೀರಿಕೊಂಡ ಗಾರ್ನ್ಸ್‌ಗೆ ಅದರ ಜಗತ್ಪ್ರಸಿದ್ಧಿಯನ್ನು ಕಾಣುವ ಭಾಗ್ಯವೂ ಇರಲಿಲ್ಲ.

1984ರಲ್ಲಿ ಟೋಕಿಯೊದ ನಿಕೋಲಿ ಪ್ರಕಾಶನ ಇದನ್ನು ಜಪಾನಿಗೆ ತಂದಿತು. ಈಗಿನ ಹೆಸರು ಕೊಟ್ಟವರು ಆ ಪ್ರಕಾಶನದ ಮಾಕಿ ಕಾಜಿ. ಆಟಕ್ಕೆ ಅಂದ ಬಂದದ್ದು ಮಾತ್ರ ಎರಡು ವರ್ಷಗಳ ನಂತರದ ಕಟ್ಟುಪಾಡುಗಳಿಂದ. 81 ಮನೆಗಳಲ್ಲಿ ಮೊದಲೇ ತುಂಬಿಕೊಡುವ ಅಂಕಿಗಳು 32ನ್ನು ಮೀರಬಾರದು. ಚೌಕವನ್ನು ತಲೆಕೆಳಗಾಗಿ ಹಿಡಿದರೂ ತುಂಬಿದ ಮನೆಗಳ ವಿನ್ಯಾಸ ಬದಲಾಗಬಾರದು. ಬಿಡಿಸುವವರಿಗೆ ಎರಡನೆಯದರಿಂದ ಲಾಭವೇನಿಲ್ಲ, ಕಣ್ಣಿಗೆ ಹಿತ ಅಷ್ಟೆ.

ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೌಲ್ಡ್ 1997ರಲ್ಲಿ ಜಪಾನಿನ ಪುಸ್ತಕದಂಗಡಿಯೊಂದರಲ್ಲಿ ಇದನ್ನು ಕಂಡು, ಇಂಥ ಚೌಕಗಳನ್ನು ಹೆಣೆಯುವ ಕಂಪ್ಯೂಟರ್ ಪ್ರೋಗ್ರಾಂ ಬರೆದರು. 2004ರ ನವೆಂಬರ್‌ನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಆ ಚೌಕಗಳನ್ನು ಪ್ರಕಟಿಸತೊಡಗಿತು. ಮರುವರ್ಷವೇ ಹುಚ್ಚು ದೇಶದೇಶಗಳಿಗೆ ಹಬ್ಬಿತು. ಭಾಷೆಯ ಹಂಗಿಲ್ಲದ ಆಟವಾದ್ದರಿಂದ ಅನುವಾದದ ತೊಡಕಿರಲಿಲ್ಲ; ಕನ್ನಡ ಪತ್ರಿಕೆಗಳಲ್ಲಿಯೂ ಪದಬಂಧದ ಜೊತೆಗೆ ಅದು ಜಾಗ ಹಿಡಿಯಿತು.