ಹಸ್ತ ಮಳೆಯಿಂದ ಸಂಕ್ರಾಂತಿವರೆಗೆ: ದೇವನಹಳ್ಳಿ ಸೀಮೆಯ ಚಳಿಗಾಲದ ತೋಟಗಳು

ದೇವನಹಳ್ಳಿ ಸೀಮೆಯ ತೋಟಗಳಲ್ಲಿ ವರ್ಷದ ಮುಖ್ಯ ಕೆಲಸ ಹಸ್ತ ಮಳೆ ಮುಗಿಯುವ ಹೊತ್ತಿಗೆ ಆರಂಭವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಕೆಂಪುಮಣ್ಣಿನ ಬಯಲಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಒಳ್ಳೆಯ ಮಳೆ ತರುತ್ತವೆ. ಚಿತ್ತೆ, ಸ್ವಾತಿ ಕಳೆದರೆ ಇಬ್ಬನಿ, ಒಣಗಾಳಿ, ಹಿತವಾದ ಬಿಸಿಲು. ಹಿಮ ಬೀಳುವ ದೇಶಗಳಲ್ಲಿ ತೋಟಕ್ಕೆ ಬಿಡುವಿನ ಕಾಲವಾದ ಈ ತಿಂಗಳುಗಳು ಇಲ್ಲಿ ದುಡಿಮೆಯ ಕಾಲ. ಬೇಕಾದದ್ದು ನೀರೊಂದೇ. ಹಾಗಾಗಿ ಇಲ್ಲಿನ ತೋಟಗಾರಿಕೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಮಳೆ ನಿಂತ ಮೇಲೆ ನೀರು ಎಲ್ಲಿಂದ ಬಂತು ಎಂಬುದರ ಚರಿತ್ರೆ.

ಆವತಿ ನಾಡಪ್ರಭು ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಊರು ಮೈಸೂರಿನ ವಶವಾಯಿತು. ಆ ಮುತ್ತಿಗೆಯಲ್ಲಿ ಹೆಸರು ಮಾಡಿದ ಹೈದರಾಲಿಯೇ ಮುಂದೆ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ಆಳುವವರು ಬದಲಾದರೂ ಬೇಸಾಯದ ಆಧಾರ ಬದಲಾಗಲಿಲ್ಲ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಈ ನೆಲದಲ್ಲಿ ಮಳೆನೀರನ್ನು ಕೆರೆಗಳು ಹಿಡಿದಿಟ್ಟುಕೊಳ್ಳುತ್ತಿದ್ದವು. ಕೆರೆಯ ಕೆಳಗಿನ ಬಾವಿಗಳಿಂದ ಎತ್ತು ಕಟ್ಟಿ ಕಪಿಲೆ ಹೊಡೆದು ಗುಂಟೆ ಲೆಕ್ಕದ ತೋಟಗಳಿಗೆ ನೀರು ಹಾಯಿಸುತ್ತಿದ್ದರು.

ನೀರು ಹಾಯಿಸದೆಯೂ ಚಳಿಗಾಲದಲ್ಲಿ ಫಲ ಕೊಡುತ್ತಿದ್ದುದು ಅವರೆ. ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ನಾಟಿ ಅವರೆ ಹಗಲು ಚಿಕ್ಕದಾಗುವ ತನಕ ಬಳ್ಳಿಯಾಗಿ ಹಬ್ಬುತ್ತದೆಯೇ ಹೊರತು ಹೂ ಬಿಡುವುದಿಲ್ಲ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಅದರದೇ. ಧನುರ್ಮಾಸದ ಮಂಜಿನಲ್ಲಿ ಕಾಯಿಗೆ ಸೊಗಡು ಕಟ್ಟುತ್ತದೆ. ಸಂಕ್ರಾಂತಿಯವರೆಗೂ ಮನೆಮನೆಯಲ್ಲಿ ಹಿತಕಿದಬೇಳೆ ಸಾರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಬಿಡುತ್ತವೆ. ಅನುಕೂಲವೇನೋ ಹೌದು, ಆದರೆ ಸೊಗಡಿನ ಮಾತು ಬಂದಾಗ ನಾಟಿ ಅವರೆಗೇ ಮರ್ಯಾದೆ.

ಊರಿಗೆ ಹೆಸರು ತಂದ ಹಣ್ಣು ಚಕ್ಕೋತ. ಆಗ್ನೇಯ ಏಷ್ಯಾ ಮೂಲದ ಈ ನಿಂಬೆ ಕುಲದ ಮರ ಇಲ್ಲಿ ಕಹಿಯಿಲ್ಲದ, ಕೆಂಪು ತೊಳೆಯ ಸಿಹಿ ಹಣ್ಣು ಕೊಡುತ್ತದೆ. ಮಳೆಗಾಲ ಮುಗಿದೊಡನೆ ಪಾತಿ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಡುವುದು, ಬುಡದಿಂದೇಳುವ ನೀರುಚಿಗುರು ಸವರುವುದು ಇದರ ಆರೈಕೆ. ಬೀಜದಿಂದೆದ್ದ ಚಕ್ಕೋತದಲ್ಲಿ ತಾಯಿಮರದ ಗುಣ ಉಳಿದೇ ಉಳಿಯುತ್ತದೆಂಬ ಖಾತ್ರಿಯಿಲ್ಲ. ಗೂಟಿ ಇಲ್ಲವೇ ಕಸಿ ಕಟ್ಟಿಯೇ ಸಸಿ ಮಾಡಬೇಕಾದ್ದರಿಂದ ಹಳೆಯ ಒಳ್ಳೆಯ ಮರವೊಂದು ಉರುಳಿದರೆ ಅದರ ರುಚಿಯೂ ಹೋದಂತೆಯೇ. ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ನಿಜ. ಆ ಪತ್ರ ಮರಗಳನ್ನು ಕಾಯಲಾರದು.

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷ್ ದಂಡು ನೆಲೆಸಿದ ಮೇಲೆ ಕೋಸು, ಆಲೂಗಡ್ಡೆ, ಗಜ್ಜರಿಗಳಿಗೆ ಗಿರಾಕಿ ಹುಟ್ಟಿತು. ತಂಪು ಬೇಡುವ ಈ ಬೆಳೆಗಳಿಗೆ ಇಲ್ಲಿನ ಚಳಿಗಾಲ ಸರಿಹೊಂದಿತು. 1915ರಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಕಿರುರೈಲು ಬಂದು ನಗರದ ಮಾರುಕಟ್ಟೆ ಮತ್ತಷ್ಟು ಹತ್ತಿರವಾಯಿತು.

ದ್ರಾಕ್ಷಿಯ ಕತೆ ಬೇರೆ. ಅಕ್ಟೋಬರಿನಲ್ಲಿ ಬಳ್ಳಿಗೆ ಕತ್ತರಿ ಹಾಕಿದರೆ ಸುಮಾರು ನಾಲ್ಕು ತಿಂಗಳಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ಆದರೆ ಕತ್ತರಿ ಹಾಕಿದ ಮೇಲೂ ಸ್ವಾತಿ ಮಳೆ ಹಿಡಿದರೆ ಎಳೆ ಚಿಗುರಿಗೆ ಚಿಬ್ಬು ರೋಗ ತಗಲುತ್ತದೆ. ಯುರೋಪಿನ ನಯವಾದ ತಳಿಗಳು ಇದಕ್ಕೆ ಬೇಗ ಸೋಲುತ್ತವೆ. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಬೆರೆತ ಬೆಂಗಳೂರು ಬ್ಲೂ ಮಾತ್ರ ತಡೆದುಕೊಂಡಿತು. ದಪ್ಪ ಸಿಪ್ಪೆ, ಬೀಜ, ಹುಳಿ ಇದ್ದರೂ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಚಪ್ಪರಗಳಲ್ಲಿ ಅದು ನೆಲೆನಿಂತದ್ದಕ್ಕೆ ಈ ತಾಳಿಕೆಯೇ ದೊಡ್ಡ ಕಾರಣ. ಅಲ್ಲದೆ ಅದು ವರ್ಷಕ್ಕೆ ಎರಡು ಫಸಲು ಕೊಡಬಲ್ಲದು.

ಚಪ್ಪರಗಳು ಹರಡಿದ್ದು ವಿದ್ಯುತ್ ಪಂಪು, ಕೊಳವೆಬಾವಿಗಳ ಬಲದಿಂದ. ಕಪಿಲೆಗೆ ಎತ್ತಿನ ದಣಿವೇ ಮಿತಿಯಾಗಿತ್ತು. ಮೋಟಾರಿಗೆ ಅಂಥ ಮಿತಿಯಿಲ್ಲ. ತೆರೆದ ಬಾವಿಗಳು ಬತ್ತಿದವು, ಅಂತರ್ಜಲ ಪಾತಾಳಕ್ಕಿಳಿಯಿತು. ಇತ್ತೀಚೆಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಭಾಗದ ಕೆರೆಗಳಿಗೆ ಬರುತ್ತಿದೆ. ಬಾವಿಗಳಿಗೆ ಜೀವ ಬಂದಿದೆ ಎನ್ನುವವರೂ ಇದ್ದಾರೆ, ನೀರಿನ ಗುಣದ ಬಗ್ಗೆ ಅನುಮಾನಪಡುವವರೂ ಇದ್ದಾರೆ.

ನೀರಿನ ಬೆನ್ನಿಗೇ ನೆಲದ ಪ್ರಶ್ನೆ ಬಂತು. ಸುಮಾರು 4,000 ಎಕರೆಯ ಬೆಂಗಳೂರು ವಿಮಾನ ನಿಲ್ದಾಣ ಇಲ್ಲಿ 2008ರ ಮೇ 24ರಂದು ತೆರೆಯಿತು. ಸುತ್ತಲಿನ ತೋಟಗಳು ನಿವೇಶನಗಳಾದವು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಹೊರಟಾಗ, ದ್ರಾಕ್ಷಿ, ತರಕಾರಿ, ಹೂ, ರೇಷ್ಮೆಯನ್ನು ನಂಬಿದ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು.