ಸ್ವರವಿಲ್ಲದ ಬರಹದಲ್ಲಿ ಮಂಗಳೂರು

ಹನ್ನೆರಡನೆಯ ಶತಮಾನದ ಮಂಗಳೂರಿನ ವರ್ತಕರ ದಿನಚರಿಯನ್ನು ನಮಗೆ ತಿಳಿಸುವ ಕಾಗದಗಳು ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಇಲ್ಲ. ಅವು ಹೀಬ್ರೂ ಲಿಪಿಯಲ್ಲಿ ಬರೆದ ಅರಬಿಯಲ್ಲಿವೆ. ಟ್ಯುನೀಸಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ, ಬಹುಮಟ್ಟಿಗೆ ಮಂಗಳೂರನ್ನೇ ನೆಲೆಯಾಗಿಸಿಕೊಂಡು, ಈ ಕರಾವಳಿಯಲ್ಲಿದ್ದನು. ಅವನ ಪತ್ರಗಳೂ ಲೆಕ್ಕಗಳೂ ಕೈರೋದ ಯಹೂದಿ ಪ್ರಾರ್ಥನಾಮಂದಿರವೊಂದರ ಗೆನಿಜಾದಲ್ಲಿ, ಎಂದರೆ ಹಳೆಯ ಬರಹಗಳನ್ನು ತೆಗೆದಿಡುವ ಕೋಣೆಯಲ್ಲಿ, ಉಳಿದುಬಂದವು.

ಅವನ ಪರವಾಗಿ ಏಡನ್‌ವರೆಗೆ ವ್ಯಾಪಾರಕ್ಕೆ ಹೋಗುತ್ತಿದ್ದ ದಾಸನೊಬ್ಬನ ಹೆಸರು ಅಲ್ಲಿ ಬ, ಮ, ಹ ಎಂಬ ಮೂರು ಅಕ್ಷರಗಳಲ್ಲಿದೆ. ಕೊನೆಯದು ಪದಾಂತ್ಯದ ಸ್ವರದ ಗುರುತು. ಉಳಿದ ಸ್ವರವನ್ನೂ ದ್ವಿತ್ವವನ್ನೂ ಓದುಗನೇ ತುಂಬಿಕೊಳ್ಳಬೇಕು. ಗೊಯ್ಟೈನ್ ‘ಬಾಮ’ ಎಂದು ಓದಿದರು. ಅಮಿತಾವ್ ಘೋಷ್, ಬಿ. ಎ. ವಿವೇಕ ರೈ ಅವರ ನೆರವಿನಿಂದ, ‘ಬೊಮ್ಮ’ ಎಂದು ಓದಿದರು. ಎರಡನೆಯದೇ ಈಗ ರೂಢವಾಗಿದೆ. ಅದರ ಆಧಾರದ ಮೇಲೆ ಅವನನ್ನು ತುಳುವನೆಂದು ಕರೆಯುವುದೂ ರೂಢವಾಗಿದೆ.

ಇಲ್ಲಿ ನಾವು ಸ್ವಲ್ಪ ತಡೆಯಬೇಕೆನಿಸುತ್ತದೆ. ಬ್ರಹ್ಮ ಶಬ್ದದ ತದ್ಭವವು ಕನ್ನಡದಲ್ಲಿ ಬಮ್ಮ ಎಂದೂ, ಓಷ್ಠ್ಯಗಳ ನಡುವಿನ ಅಕಾರ ಒಕಾರವಾಗಿ ಬೊಮ್ಮ ಎಂದೂ ಕಾಣುತ್ತದೆ. ಬೆನ್ ಯಿಜುವಿನ ಸಮಕಾಲೀನನಾದ ವಿಷ್ಣುವರ್ಧನನ ರಾಣಿಯೊಬ್ಬಳು ಬಮ್ಮಲದೇವಿ. ಆದ್ದರಿಂದ ‘ಬಮ್ಮ’ ಎಂಬ ಪಾಠವನ್ನು ತಳ್ಳಿಹಾಕುವಂತಿಲ್ಲ. ಗೊಯ್ಟೈನರು ತಪ್ಪಿದ್ದು ಪ್ರಾಯಃ ದ್ವಿತ್ವದಲ್ಲಿ ಮಾತ್ರ. ಇನ್ನು ತುಳುವಿನ ದೈವ ಬೆರ್ಮೆರ್ ರೇಫವನ್ನು ಉಳಿಸಿಕೊಂಡಿದೆ. ರೇಫ ಅಳಿದ ರೂಪವು ಘಟ್ಟದ ಮೇಲಿನ ಕನ್ನಡಕ್ಕೆ ಹೆಚ್ಚು ಹತ್ತಿರ. ಹೆಸರುಗಳು ಗಡಿ ದಾಟುತ್ತವೆ, ನಿಜ. ಆದರೆ ಅದೇ ಕಾರಣದಿಂದ ಹೆಸರೊಂದನ್ನೇ ನಂಬಿ ಅವನ ಮನೆಮಾತನ್ನು ನಿರ್ಧರಿಸಲಾಗದು; ಅವನೂ ಈ ಬಂದರಿಗೆ ಹೊರಗಿನಿಂದ ಬಂದವನಾಗಿರಬಹುದು.

ಎರಡು ಶತಮಾನಗಳ ಬಳಿಕ, 1342ರ ಸುಮಾರಿಗೆ, ಇಬ್ನ್ ಬತೂತ ಈ ಊರನ್ನು ಮಂಜರೂರ್ ಎಂದು ಕರೆದು, ಫಾರ್ಸ್ ಮತ್ತು ಯೆಮೆನ್‌ಗಳ ವರ್ತಕರು ಇಲ್ಲಿ ಇಳಿಯುವುದನ್ನೂ ಸುಮಾರು 4,000 ಮುಸ್ಲಿಮರು ವಾಸಿಸುವುದನ್ನೂ ಹೇಳುತ್ತಾನೆ. ಇಂದಿನ ಬ್ಯಾರಿ ಭಾಷೆಯಾದರೋ ಅರಬಿಯೂ ಅಲ್ಲ, ಪಾರಸಿಯೂ ಅಲ್ಲ. ಅದರ ವ್ಯಾಕರಣ ಮಲಯಾಳಕ್ಕೆ ಹತ್ತಿರ, ಪದಕೋಶದಲ್ಲಿ ತುಳು ಮತ್ತು ಅರಬಿಗಳೆರಡೂ ಬೆರೆತಿವೆ. ‘ಬ್ಯಾರಿ’ ಎಂಬ ಹೆಸರನ್ನು ಕಡಲೆಂಬ ಅರ್ಥದ ಅರಬಿಯ ‘ಬಹ್ರ್’ಗೆ ಜೋಡಿಸುವವರಿದ್ದಾರೆ, ವ್ಯಾಪಾರವೆಂಬ ಅರ್ಥದ ತುಳುವಿನ ‘ಬ್ಯಾರ’ವೇ ಮೂಲವೆಂಬುದು ನಮಗೆ ಹೆಚ್ಚು ಒಪ್ಪಿತ. ನೆರೆಯವರು ಅವರನ್ನು ಗುರುತಿಸಿದ್ದು ಬಂದ ದಾರಿಯಿಂದಲ್ಲ, ಮಾಡುತ್ತಿದ್ದ ಕೆಲಸದಿಂದ.